ಬದನೆಕಾಯಿಗೆ ಬಂದ ಗೆರೆ

ಒಂದು ಕಾಲಕ್ಕೆ ನಾನು ಆರೋಗ್ಯವಂತ ಮನುಷ್ಯನ ಅಧಿಕೃತ ಮಾದರಿಯಾಗಿದ್ದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಕುರಿಗಾರರ ರಕ್ತವನ್ನು ಯಾವ ರೋಗವೂ ಇಲ್ಲದ ಒಬ್ಬನ ರಕ್ತದ ಜೊತೆ ಹೋಲಿಸಿ ನೋಡಬೇಕಿತ್ತು. ಅಂಥವನು ಯಾರು ಎಂಬ ಪ್ರಶ್ನೆ ಬಂದಾಗ ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು ಹಿಂದೆಮುಂದೆ ನೋಡದೆ ನನ್ನ ಕಡೆ ಕೈ ಮಾಡಿದರು. "ಇವನ್ನ ತೊಗೊಳ್ರಿ. ಜ್ವರ ಇಲ್ಲ, ಜಡ್ಡ ಇಲ್ಲ, ಚಿಂತಿ ಅಂತೂ ಮೊದಲ ಇಲ್ಲ" ಅಂದರು. ಕೊನೆಯ ಮಾತನ್ನೂ ನಾನು ಹೊಗಳಿಕೆ ಎಂದೇ ಜೇಬಿಗೆ ಹಾಕಿಕೊಂಡೆ. ಕುರಿಗಾರರ ಆಡುಗಳಿಗೆ ಹೋಲಿಸಲು ಜಮಖಂಡಿಯ ಒಂದು ಮನೆಯ ಆಡನ್ನು ಆರಿಸಿದ್ದರು. ನಾನು ಮತ್ತು ಆ ಆಡು ಯೋಜನೆಯಲ್ಲಿ ಸಮಾನ ಸ್ಥಾನಮಾನದವರಾಗಿದ್ದೆವು. ಅದಕ್ಕೆ ಮೇವು ಕೊಡುತ್ತಿದ್ದರು, ನನಗೆ ಅದೂ ಇರಲಿಲ್ಲ.

ನಾನು ರಬಕವಿಯ ನೇಕಾರರ ಮನೆಯವನು. ಚಿಕ್ಕಂದಿನಲ್ಲಿ ಒಂದು ಬೇಸಿಗೆ ರಜೆಯಲ್ಲಿ ಗರಡಿಮನೆಗೆ ಹೋಗಿದ್ದೆ. ಹೋಗಿದ್ದು ಒಂದೇ ಬೇಸಿಗೆಯಾದರೂ ಅದರ ಮಾತು ಆಡಿದ್ದು ಇಡೀ ಆಯುಷ್ಯ. ದೂರದ ಊರಿಗೆ ಹೋಗಿ ಬಂಗಾರದ ಅತಿಸೂಕ್ಷ್ಮ ಕಣಗಳ ಮೇಲೆ ಸಂಶೋಧನೆ ಮಾಡಿ, ಹೆಸರಿನ ಹಿಂದೆ 'ಡಾ.' ಅಂಟಿಸಿಕೊಂಡು ಜಮಖಂಡಿಗೆ ಬಂದಾಗ ನನ್ನ ಎದೆ ಎರಡಿಂಚು ಹೆಚ್ಚೇ ಮುಂದೆ ಬಂದಿತ್ತು. ಅದನ್ನು ಮೊದಲ ದಿನವೇ ಗಮನಿಸಿದವರು ಬಾಯಾರು, ಅಂದರೆ ನನ್ನ ಕಡೆ ಕೈ ಮಾಡಿದ ಆ ಮುಖ್ಯಸ್ಥರು.

ಈ ಕಡೆ ಹೆಣ್ಣು ಶಿಕ್ಷಕರನ್ನು ಬಾಯಾರು ಅನ್ನುತ್ತಾರೆ. ಸಾಲಿಯ ಬಾಯಾರು ಕಾಲೇಜಿಗೆ ಬಂದ ಕೂಡಲೇ ಮೇಡಂ ಆಗುವುದು ರೂಢಿ. ಇವರು ಮಾತ್ರ ಆಗಲೊಲ್ಲರು. ವಿದ್ಯಾರ್ಥಿಗಳು, ಸಿಪಾಯಿಗಳು ಅಂದರೆ ಜವಾನರು, ಪ್ರಾಚಾರ್ಯರು, ಹೊರಗೆ ಚಹಾ ಮಾರುವವನು, ಎಲ್ಲರಿಗೂ ಅವರು ಬಾಯಾರೇ. ಗಿಡ್ಡ ಆಳು, ದಪ್ಪ ಕನ್ನಡಕ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಗಿಸಿ ಪ್ರಯೋಗಶಾಲೆಗೆ ಬಂದರೆಂದರೆ ಯಾರ ಜೊತೆಯೋ ಜಗಳಕ್ಕೆ ಹೊರಟಂತೆ ಕಾಣುತ್ತಿತ್ತು. ಬಹಳ ಸಲ ಜಗಳಕ್ಕೇ ಹೊರಟಿರುತ್ತಿದ್ದರು.

ಸಾಧ್ವಿ ಎಂದೇನೂ ತಿಳಿಯಬೇಡಿ. ಅವರ ಡಬ್ಬಿಯ ಮಾವಿನ ಉಪ್ಪಿನಕಾಯಿಯನ್ನು ಒಂದು ಹೋಳು ಕೂಡ ಯಾರಿಗೂ ಕೊಟ್ಟಿದ್ದನ್ನು ನಾನು ಕಂಡಿಲ್ಲ. ಸಭೆಗಳಲ್ಲಿ ಗೊರಕೆ ಹೊಡೆಯುತ್ತಿದ್ದರು, ಕೈ ಎತ್ತುವ ಹೊತ್ತಿಗೆ ಸರಿಯಾಗಿ ಎಚ್ಚರಾಗಿ ವಿರುದ್ಧ ಕೈ ಎತ್ತುತ್ತಿದ್ದರು. ಹುಟ್ಟೂರು ಮುಧೋಳದ ಮೇಲೆ ಹದ್ದುಮೀರಿದ ಅಭಿಮಾನ. ಅಲ್ಲಿಯ ನಾಯಿಗಳಿಗೆ ಇರುವ ಮೂಗು ಅಲ್ಲಿಯ ಮನುಷ್ಯರಿಗೂ ಇರುತ್ತದೆ ಎಂದು ಖರೆಖರೆ ನಂಬಿದ್ದರು. ವರಾಂಡದಲ್ಲಿ ನಿಂತೇ, ಒಳಗೆ ಯಾರು ಯಾವ ಆಮ್ಲ ಚೆಲ್ಲಿದ್ದಾರೆ ಎಂದು ಹೇಳುತ್ತಿದ್ದರು. ಸುಮಾರು ಅರ್ಧ ಸಲ ತಪ್ಪಾಗುತ್ತಿತ್ತು. ತಪ್ಪಾದಾಗ ಚೆಲ್ಲಿದವನಿಗೇ ಬೈಗುಳ.

ಒಂದು ಮಾತಿನಲ್ಲಿ ಮಾತ್ರ ಅವರು ರಾಜಿಯಾಗುತ್ತಿರಲಿಲ್ಲ. ಹುಡುಗಿಯೊಬ್ಬಳು ನೀರಿನ ಪರೀಕ್ಷೆ ಮುಗಿಸಿ, "ಬಾಯಾರ, ಈ ನೀರಾಗ ಕಬ್ಬಿಣ ಇಲ್ರಿ" ಅಂದರೆ ಸಾಕು, ಕನ್ನಡಕ ಹಣೆಯಿಂದ ಮೂಗಿಗೆ ಇಳಿಯುತ್ತಿತ್ತು.

"ಇಲ್ಲ ಅನಬ್ಯಾಡ. ನಿನಗ ಕಾಣಲಿಲ್ಲ ಅನ್ನು. ಕಬ್ಬಿಣ ನಿನ್ನ ಕೇಳಿ ಇರತೈತೇನು?"

ಇದು ಪಾಠಕ್ಕಷ್ಟೇ ಸೀಮಿತವಾಗಿರಲಿಲ್ಲ. ಪಲ್ಯದಲ್ಲಿ ಉಪ್ಪಿಲ್ಲ ಅಂದರೂ ಇದೇ ಮಾತು, ಪ್ರಾಚಾರ್ಯರು ಕೋಣೆಯಲ್ಲಿಲ್ಲ ಅಂದರೂ ಇದೇ ಮಾತು. ಒಮ್ಮೆ ಸಿಪಾಯಿಗೆ ಹೀಗೆ ಹೇಳಿ, ಪರದೆ ಸರಿಸಿ, ಹಿಂದಿನ ಕುರ್ಚಿಯಲ್ಲಿ ನಿದ್ದೆ ಹೊಡೆಯುತ್ತಿದ್ದ ಪ್ರಾಚಾರ್ಯರನ್ನು ತೋರಿಸಿದ್ದರು. ಆ ಮೇಲೆ ಕೆಲವು ದಿನ ಪ್ರಾಚಾರ್ಯರು ನಮ್ಮ ವಿಭಾಗದ ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ.

ಅವರ ಆಯುಷ್ಯದ ಒಂದೇ ಒಂದು ಸಂಶೋಧನಾ ಯೋಜನೆ ಮಂಜೂರಾದದ್ದು ನಿವೃತ್ತಿಯ ಹೊಸ್ತಿಲಲ್ಲಿ. ಅದಕ್ಕೆ ಮೊದಲು ಕಳಿಸಿದ ಅರ್ಜಿಗಳೆಲ್ಲ ತಿರುಗಿ ಬಂದಿದ್ದವು. ವಿಷಯ ಕಂದು ಹಾಕುವ ರೋಗ. ಈ ರೋಗ ಹೊಕ್ಕ ಹಿಂಡಿನಲ್ಲಿ ಗಬ್ಬದ ಆಡು, ಕುರಿ ದಿನ ತುಂಬುವ ಮೊದಲೇ ಮರಿ ಚೆಲ್ಲುತ್ತವೆ. ಅವುಗಳ ಹಸಿ ಹಾಲು ಕುಡಿದ, ಹೆರಿಗೆಗೆ ಕೈ ಹಚ್ಚಿದ ಮನುಷ್ಯರಿಗೂ ಅದು ದಾಟುತ್ತದೆ. ಸಂಜೆಯಾದರೆ ಜ್ವರ, ಬೆವರು, ಸೊಂಟನೋವು. ಎಲ್ಲರೂ ಟೈಫಾಯ್ಡ್ ಅನ್ನುತ್ತಾರೆ, ಗುಳಿಗೆ ನುಂಗುತ್ತಾರೆ, ಜ್ವರ ಹೋಗುತ್ತದೆ, ಮತ್ತೆ ಬರುತ್ತದೆ. ಹಾಗೇ ಬಿಟ್ಟರೆ ಬೆನ್ನೆಲುಬನ್ನೇ ತಿನ್ನುತ್ತದೆ.

ರೋಗಾಣು ಹೊಕ್ಕ ಮೈ ಅದರ ಮೇಲೆ ಹೋರಾಡಲು ಪ್ರತಿಕಾಯಗಳನ್ನು ತಯಾರಿಸುತ್ತದೆ. ರಕ್ತದಲ್ಲಿ ಅವು ಇವೆಯೋ ಎಂದು ಒಂದು ಹನಿಯಲ್ಲಿ, ಹಿಂಡಿನ ನಡುವೆಯೇ ನಿಂತು ಹೇಳಬಲ್ಲ ಸಾಧನ ಮಾಡಬೇಕೆಂಬುದು ಬಾಯಾರ ಹಟ. ಅರ್ಜಿಯಲ್ಲಿ ಅದರ ಹೆಸರು ಜೈವಿಕ ಸಂವೇದಕ. ನಮ್ಮ ಬಾಯಲ್ಲಿ ಬರೇ 'ಪಟ್ಟಿ'. ಬೆರಳಷ್ಟು ಕಾಗದದ ಪಟ್ಟಿಯ ಮೇಲೆ ಒಂದು ಕಡೆ ರೋಗಾಣುವಿನ ಅಂಶ ಹಚ್ಚಿರುತ್ತೇವೆ. ರಕ್ತದ ಪ್ರತಿಕಾಯ ಬಂದು ಅಲ್ಲಿ ಅಂಟಿಕೊಳ್ಳುತ್ತದೆ. ಅಂಟಿದ್ದು ಕಣ್ಣಿಗೆ ಕಾಣಬೇಕಲ್ಲ, ಅದಕ್ಕೆ ಬಂಗಾರ. ಬಂಗಾರದ ಸೂಕ್ಷ್ಮ ಕಣಗಳು ಪ್ರತಿಕಾಯವನ್ನು ಹಿಡಿದುಕೊಂಡರೆ ಅಲ್ಲೊಂದು ಕೆಂಪು ಗೆರೆ ಮೂಡುತ್ತದೆ. ಪ್ರತಿಕಾಯ ತೀರಾ ಕಡಿಮೆ ಇದ್ದರೆ ಗೆರೆ ಮೂಡುವುದಿಲ್ಲ. ಇದನ್ನು ಗೆಲ್ಲುವುದೇ ನಮ್ಮ ಕೆಲಸವಾಗಿತ್ತು.

ಬಂಗಾರವೆಂದರೆ ಒಂದು ಪುಟ್ಟ ಶೀಷೆಯ ತಳದಲ್ಲಿದ್ದ ಹಳದಿ ಉಪ್ಪು, ಅಷ್ಟೇ. ಆದರೆ 'ಬಂಗಾರ' ಎಂಬ ಶಬ್ದ ಕಿವಿಗೆ ಬಿದ್ದದ್ದೇ ಪ್ರಾಚಾರ್ಯರು ಅದನ್ನು ಆಫೀಸಿನ ತಿಜೋರಿಯಲ್ಲಿ, ಪ್ರಶ್ನೆಪತ್ರಿಕೆಗಳ ಜೊತೆ ಇಡಿಸಿದರು. ಕೀಲಿಕೈ ಹಿರಿಯ ಗುಮಾಸ್ತರ ಬಳಿ. ಅವರನ್ನು ಕಾಲೇಜೆಲ್ಲ ಕಾಕಾ ಅನ್ನುತ್ತಿತ್ತು. ಚಿಟಿಕೆ ಉಪ್ಪು ಬೇಕಾದಾಗಲೆಲ್ಲ ನಾನು ಅರ್ಜಿ ಬರೆಯಬೇಕಿತ್ತು, ಕಾಕಾ ಸ್ನಾನ ಮಾಡಿ ಬಂದಂತೆ ಗಂಭೀರ ಮುಖ ಮಾಡಿಕೊಂಡು ತಿಜೋರಿ ತೆರೆದು, ಶೀಷೆಯನ್ನು ಎರಡೂ ಕೈಯಲ್ಲಿ ಹಿಡಿದು ಪ್ರಯೋಗಶಾಲೆಯವರೆಗೆ ಬರುತ್ತಿದ್ದರು. ಮೊದಲ ಸಲ ನಾನು ಅದನ್ನು ಕುದಿಸಿ, ಸೇರಿಸಬೇಕಾದ್ದನ್ನು ಸೇರಿಸಿ, ಬಣ್ಣ ತಿರುಗುವುದನ್ನು ತೋರಿಸಿದಾಗ ಕಾಕಾ ಮುಖ ಗಂಟಿಕ್ಕಿಕೊಂಡರು.

"ಬಂಗಾರ ಎಲ್ಲೈತ್ರೀ?"

"ಇದ ನೋಡ್ರಿ ಕಾಕಾ, ಈ ಕೆಂಪಂದು."

"ಇದು ದಾಳಿಂಬರಿ ರಸ ಆತಲ್ರೀ. ಹಳದಿ ಬಂಗಾರ ತೊಗೊಂಡು ನೀವು ದಾಳಿಂಬರಿ ಮಾಡಿದ್ರ, ನಾಳೆ ಲೆಕ್ಕ ಕೇಳಿದವರಿಗೆ ನಾ ಏನ ತೋರಸ್ಲಿ?"

ಆ ವರ್ಷದ ಖಂಡೇನವಮಿಗೆ ಆಯುಧಪೂಜೆಯ ಹೊಣೆ ನನ್ನ ಮೇಲೆ ಬಿತ್ತು. ನಾನು ಧೋತರ ಉಟ್ಟು, ತಕ್ಕಡಿಗಳಿಗೆ ಕುಂಕುಮ ಹಚ್ಚಿ, ವಿಜ್ಞಾನಿಯಾಗಿಯೂ ಸಂಪ್ರದಾಯ ಬಿಡದವನೆಂದು ನಾಲ್ಕು ಮಂದಿ ಅನ್ನಲಿ ಎಂಬ ಆಸೆಯಿಂದ ಓಡಾಡುತ್ತಿದ್ದೆ. ಕಾಕಾ ಬಂದು, ತಿಜೋರಿಯ ಲಕ್ಷ್ಮಿ ಈಗ ಗಾಜಿನ ಪಾತ್ರೆಯಲ್ಲಿದ್ದಾಳೆ, ಅವಳಿಗೆ ತೀರ್ಥ ಬೇಡವೇ ಎಂದು ಕೇಳಿದರು. ನಾನೇ ದೊಡ್ಡ ಮನಸ್ಸು ಮಾಡಿ ಬಿರಡೆ ತೆಗೆದೆ. ಕಾಕಾ ಒಡೆದ ತೆಂಗಿನಕಾಯಿಯ ನೀರನ್ನು ಭಕ್ತಿಯಿಂದ ಧಾರಾಳವಾಗಿ ಸುರಿದರು. ನೋಡನೋಡುತ್ತ ದಾಳಿಂಬರಿ ನೇರಳೆಯಾಯಿತು, ನೇರಳೆ ಶಾಯಿಯಂತೆ ನೀಲಿಯಾಯಿತು. ಹಿಂದೆ ನಿಂತವರು ಕೈಮುಗಿದರು. "ತಾಯಿ ಪ್ರಸನ್ನ ಆದ್ಲು" ಎಂದು ಕಾಕಾ ಕಣ್ಣು ಒರೆಸಿಕೊಂಡರು. ಹಲವಾರು ದಿನಗಳ ಕೆಲಸ ನೀರುಪಾಲಾದದ್ದು ಅಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ನಾನು ಕೂಡ ಕೈಮುಗಿದೆ. ಬೇರೇನು ಮಾಡುವುದು ತಿಳಿಯಲಿಲ್ಲ.

ಅಷ್ಟರಲ್ಲಿ ಬಾಯಾರು ಬಂದರು. ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ಬೈಗುಳಕ್ಕೆ ಬೆನ್ನು ಒಡ್ಡಿ ನಿಂತೆ.

"ಬತ್ತಲೆ ಬಂಗಾರ" ಅಂದರು. "ಮೈಮ್ಯಾಲ ಅಂಗಿ ಇಲ್ಲ. ಕಾಯಿ ನೀರಿನ ಉಪ್ಪು ತಾಗಿದ ಕೂಡಲೇ ಒಂದನ್ನೊಂದು ಅಪ್ಪಿಕೊಂಡು ಮುದ್ದಿ ಆದವು. ಅದಕ್ಕ ನೀಲಿ." ಆಮೇಲೆ ಪ್ರೋಟೀನಿನ ಹೊದಿಕೆ ಹಾಕಿಟ್ಟಿದ್ದ ಬೇರೊಂದು ಬಂಗಾರದ ನಳಿಗೆ ತಂದು, ಅದಕ್ಕೂ ಕಾಕಾರ ಕೈಯಿಂದಲೇ ತೀರ್ಥ ಹಾಕಿಸಿದರು. ಅದು ಕೆಂಪಾಗಿಯೇ ಉಳಿಯಿತು. "ಇದಕ್ಕ ಅಂಗಿ ಐತಿ, ನೋಡ್ರಿ." ಅಲ್ಲಿ ನಿಂತ ಎಲ್ಲರಿಗೂ, ಹೂ ತಂದವಳಿಗೂ ಸೇರಿಸಿ, ಪೂರ್ತಿ ಪಾಠ ಮಾಡಿದರು. ಪಾಠ ಮುಗಿಯುವ ಹೊತ್ತಿಗೆ ಪಕ್ಕದ ವಿಭಾಗದವರು ನಮ್ಮ ಪೇಡೆಗಳನ್ನು ಮುಗಿಸಿದ್ದರು. ಹೋಗುವಾಗ ನನ್ನ ಧೋತರದತ್ತ ಒಮ್ಮೆ ನೋಡಿ, "ಡಾಕ್ಟರ್ ಸಾಹೇಬ್ರ, ನಾಳಿಂದ ಮತ್ತ ಕುದಸ್ರಿ" ಅಂದರು. ಪ್ರೀತಿ ಬಂದಾಗ ನಾನು ತಮ್ಮ, ತಪ್ಪು ಮಾಡಿದಾಗ ಡಾಕ್ಟರ್ ಸಾಹೇಬ. ತಮ್ಮನಾದದ್ದು ಅಪರೂಪ.

ರಕ್ತದ ಮಾದರಿಗಾಗಿ ನಾವು ಗಲಗಲಿ, ಅನಗವಾಡಿ ಕಡೆ ಹೊಳೆಯ ದಂಡೆಯ ಹಿಂಡುಗಳಿಗೆ ಹೋಗುತ್ತಿದ್ದೆವು. ಅನಗವಾಡಿಯ ಹತ್ತಿರ ಕಬ್ಬು ಕಡಿದ ಹೊಲದಲ್ಲಿ ಹಿಂಡು ತರುಬಿ ಬೀಡುಬಿಟ್ಟಿದ್ದ ಒಬ್ಬ ಮುದುಕಿಗೆ ಬಾಯಾರ ಮೇಲೆ ಬಲು ಜೀವ. ಬೀರೇಶ್ವರನ ಒಕ್ಕಲು, ಹಣೆ ತುಂಬ ಭಂಡಾರದ ಅರಿಶಿನ. ಆ ಸಲ ಅವಳ ಹಿಂಡಿನಲ್ಲಿ ಸಾಲುಸಾಲಾಗಿ ಆಡುಗಳು ಮರಿ ಚೆಲ್ಲಿದ್ದವು. ಹೀಗಿದ್ದರೂ ಬಂದವರಿಗೆ ಹಾಲು ಕೊಡದೆ ಕಳಿಸುವುದು ಅವಳ ಪದ್ಧತಿಯಲ್ಲಿ ಇರಲಿಲ್ಲ. ಮೊದಲು ದೇವರ ಹೆಸರಿನಲ್ಲಿ ನೆಲಕ್ಕೆ ನಾಲ್ಕು ಹನಿ, ಆಮೇಲೆ ಬಂದವರ ಬೊಗಸೆಗೇ ನೇರವಾಗಿ ಆಡಿನ ಕೆಚ್ಚಲಿನಿಂದ.

ಬಾಯಾರು ಬೊಗಸೆ ಒಡ್ಡುತ್ತಿರಲಿಲ್ಲ. "ಯವ್ವಾ, ನನಗ ಒಂದ ಕುದಿ ಬರಿಸಿ ಕೊಡು. ನಿನ್ನ ಬೀರಪ್ಪ ಬಿಸಿ ಹಾಲು ಬ್ಯಾಡ ಅಂದಾನೇನು?" ಅನ್ನುವರು. ಮುದುಕಿ ನಗುತ್ತ ಮೂರು ಕಲ್ಲು ಹೂಡಿ ಒಲೆ ಹಚ್ಚುವಳು.

ಅಂದು ಬಾಯಾರು ಜಾಲಿ ಗಿಡದ ಮರೆಗೆ ಒಂದು ಆಡಿನ ರಕ್ತ ತೆಗೆಯಲು ಹೋಗಿದ್ದರು. ನಾನು ಅಲ್ಲೇ ನಿಂತಿದ್ದೆ. ಮುದುಕಿ ಕೆಚ್ಚಲು ಹಿಡಿದು ನನ್ನ ಮುಖ ನೋಡಿದಳು. ನಾನು ಯಾವ ರೋಗದ ಪಟ್ಟಿ ಮಾಡಲು ಬಂದಿದ್ದೆನೋ, ಅದು ಹೇಗೆ ಹರಡುತ್ತದೆ ಎಂಬುದರ ಮೇಲೆ ಅದೇ ವಾರ ತರಗತಿಯಲ್ಲಿ ಪಾಠ ಮಾಡಿದ್ದೆ. ಆದರೂ ಬೊಗಸೆ ಒಡ್ಡಿದೆ. ದೇವರ ಪ್ರಸಾದ ಬೇಡ ಅನ್ನಬಾರದು ಎಂಬುದು ಹೊರಗೆ ಹೇಳಿಕೊಳ್ಳಲು. ಒಳಗಿನ ಮಾತೆಂದರೆ, ಪೇಟೆಯ ಹುಡುಗ ಅಂಜಿದ ಅನ್ನಿಸಿಕೊಳ್ಳಲು ಗರಡಿಯವನಿಗೆ ಮನಸ್ಸಿರಲಿಲ್ಲ. ಗಟಗಟ ಕುಡಿದು ಪೈಲವಾನನ ಹಾಗೆ ಮೀಸೆ ತೀಡಿಕೊಂಡೆ.

"ಈ ನಿಮ್ಮ ತಮ್ಮ ಛಲೋ ಗಂಡಸ ಅದಾನ ನೋಡ್ರಿ ಬಾಯಾರ!" ಎಂದು ಮುದುಕಿ ಕೂಗಿದಳು.

ಬಾಯಾರು ಬಂದು ಹಾಲು ಹತ್ತಿ ಬೆಳ್ಳಗಾದ ನನ್ನ ಮೀಸೆ ನೋಡಿದರು. "ಏನ ಕುಡದಿ?"

"ಪ್ರಸಾದ್ರಿ."

ಬೈಯಲಿಲ್ಲ. "ಯಾವ ಆಡು ಯವ್ವಾ?" ಎಂದು ಕೇಳಿ, ಅದರ ರಕ್ತವನ್ನೂ ತೆಗೆದುಕೊಂಡರು. ಕಾಲೇಜಿಗೆ ಬಂದು ಹಳೆಯ ಪದ್ಧತಿಯ ಪರೀಕ್ಷೆ ಮಾಡಿದೆವು. ಗಾಜಿನ ಮೇಲೆ ಗುಲಾಬಿ ಬಣ್ಣದ ಔಷಧಿಯ ಜೊತೆ ರಕ್ತದ ನೀರು ಬೆರೆಸಿ ಅದು ಹರಳುಗಟ್ಟುತ್ತದೆಯೋ ನೋಡುವ ಪರೀಕ್ಷೆ, ಹರಳುಗಟ್ಟಿದರೆ ರೋಗ. ಆ ಆಡು ಪಾಸಾಯಿತು. ಮುಂದೆ ಕೆಲವು ವಾರ ನನ್ನ ರಕ್ತವನ್ನೂ ಹಾಗೇ ನೋಡಿದರು. ನಾನೂ ಪಾಸಾದೆ. ನನ್ನ ಎದೆ ಮತ್ತೆ ಮೊದಲಿನ ಜಾಗಕ್ಕೆ ಬಂತು.

ಪಟ್ಟಿಯನ್ನು ಸುಧಾರಿಸುವ ಉಪಾಯ ಹೊಳೆದದ್ದು ಆ ಮೇಲೆ. ಗೆರೆ ಕಾಣದ ಪಟ್ಟಿಯನ್ನು ಇನ್ನೊಮ್ಮೆ ಬಂಗಾರದ ಉಪ್ಪಿನ ನೀರಿನಲ್ಲಿ ಅದ್ದುವುದು. ಮೊದಲೇ ಅಂಟಿಕೊಂಡ ಸಣ್ಣ ಕಣಗಳು ಬೀಜದ ಹಾಗೆ, ಈ ಹೊಸ ಬಂಗಾರ ಅವುಗಳ ಮೇಲೆಯೇ ಬೆಳೆಯುತ್ತದೆ. ಕಣ ದಪ್ಪವಾದರೆ ಅಡಗಿದ್ದ ಗೆರೆ ಕಪ್ಪುಗೆಂಪಾಗಿ ಎದ್ದು ಕಾಣುತ್ತದೆ. ತಿಂಗಳುಗಟ್ಟಲೆ ಕೆಡಿಸಿ, ಮಾಡಿ, ಕೆಡಿಸಿ, ಕೊನೆಗೊಂದು ದಿನ ಅದು ಕೂಡಿಬಂತು. ಜ್ವರ ಬಂದು ಮಲಗಿದ್ದ ಕುರಿಗಾರರ ಪಟ್ಟಿಗಳಲ್ಲಿ ಗೆರೆ ಬಂತು. ನಾನು ಪ್ರಸಾದ ಪಡೆದ ಆಡಿಗೂ ಬಂತು. ಜಮಖಂಡಿಯ ಮನೆಯ ಆಡಿಗೆ ಬರಲಿಲ್ಲ. ಆರೋಗ್ಯವಂತ ಮನುಷ್ಯನ ಮಾದರಿಗೆ, ಅಂದರೆ ನನಗೆ, ಮಗ್ಗದ ಮೇಲೆ ಮರೆತು ಉಳಿದ ಒಂದೆಳೆ ನೂಲಿನ ಹಾಗೆ ತೆಳ್ಳಗೆ ಬಂತು.

"ಪಟ್ಟಿ ಕೆಟ್ಟೈತ್ರೀ" ಅಂದೆ.

ನೀರು ಸರಿಯಿಲ್ಲ ಅಂದೆ. ಕಾಗದ ಸರಿಯಿಲ್ಲ ಅಂದೆ. ಜಮಖಂಡಿಯ ಬಿಸಿಲು ಅಂದೆ. ಕಾಕಾ ತಂದ ಶೀಷೆಗೆ ಕುಂಕುಮ ತಾಗಿರಬೇಕು ಅಂದೆ. ಬಾಯಾರು ಎಲ್ಲವನ್ನೂ ಒಂದೊಂದಾಗಿ ಬದಲಿಸಿ ನೋಡಿದರು. ನಮ್ಮ ಮನಸ್ಸೇ ಗೆರೆ ಕಾಣಿಸುತ್ತಿದ್ದರೆ ಎಂದು ಅವರೊಂದು ಪದ್ಧತಿ ಮಾಡಿದರು. ತಮ್ಮದು, ನನ್ನದು, ಕಾಕಾರದು, ಸಿಪಾಯಿಯದು, ಹೀಗೆ ನಾಲ್ಕು ಜನರ ರಕ್ತದ ನಳಿಗೆಗಳಿಗೆ ಹೆಸರಿನ ಬದಲು ಕಾಯಿಪಲ್ಯದ ಚೀಟಿ. ಚೀಟಿ ಹಚ್ಚುವವನು ಸಿಪಾಯಿ. ಯಾವುದು ಯಾರದೆಂದು ಪಟ್ಟಿ ಓದುವ ತನಕ ಅವನು ಬಾಯಿ ಬಿಡುವಂತಿಲ್ಲ. ಅಂದು ಬದನೆಕಾಯಿಗೆ ಗೆರೆ ಬಂತು. ಬದನೆಕಾಯಿ ಯಾರು ಎಂದು ಕೇಳಿದರೆ ಸಿಪಾಯಿ ನನ್ನ ಕಡೆ ನೋಡಿದ. ಮರುವಾರ ಚೀಟಿ ಬದಲಾದವು. ಹೀರೆಕಾಯಿಗೆ ಬಂತು. ಅದೂ ನಾನೇ. ಮೂರನೆಯ ಸಲ ನಾನೇ ಸಿಪಾಯಿಗೆ ಚಹಾ ಕುಡಿಸಿ, ನನಗೆ ಹಗುರಾದ ಕಾಯಿ ಯಾವುದಾದರೂ ಕೊಡಪ್ಪಾ ಎಂದು ಕೇಳಿದೆ. ಸೌತೆಕಾಯಿ ಕೊಟ್ಟ. ಸೌತೆಕಾಯಿಗೂ ಬಂತು. ಕಾಲೇಜಿನ ಹುಡುಗರು ನನ್ನನ್ನು ಬೆನ್ನ ಹಿಂದೆ ಬದನೆಕಾಯಿ ಸರ್ ಅನ್ನತೊಡಗಿದರು.

ಆ ಹೊತ್ತಿಗೆ ನನಗೆ ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ರಬಕವಿಯಿಂದ ದಿನಾ ಗಾಡಿ ಹೊಡೆಯುವುದರಿಂದ ಎಂದು ತಿಳಿದೆ. ಸೊಂಟ ಹಿಡಿದುಕೊಳ್ಳುತ್ತಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಕಿತ್ತ ರಸ್ತೆಯೇ ಅದಕ್ಕೆ ಕಾರಣ ಎಂದೆ. ಹೆಂಡತಿ ಮಾತ್ರ, "ಸಂಜಿಕ ಮೈ ಕೆಂಡ ಆಗತೈತಿ, ಮುಂಜಾನೆದ್ದು ಗರಡಿ ಮಾತ ಹೇಳ್ತೀರಿ. ಯಾವುದ ನಂಬಲಿ?" ಅನ್ನುತ್ತಿದ್ದಳು.

ಆ ತಿಂಗಳ ಕೊನೆಗೆ ಪರಿಶೀಲನಾ ಸಮಿತಿ ಬರುವುದಿತ್ತು. ಅವರು ಒಪ್ಪಿದರೆ ಬಾಯಾರಿಗೆ ನಿವೃತ್ತಿಯ ನಂತರವೂ ಎರಡು ವರ್ಷ ಪ್ರಯೋಗಶಾಲೆ, ಹಿಂಡುಗಳಿಗೆ ಪಟ್ಟಿ. ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು. ನಿಯಮ ಸರಳ. ರೋಗವಿಲ್ಲದವನ ಪಟ್ಟಿ ಖಾಲಿ ಇರಬೇಕು. ಹಳೆಯ ಪರೀಕ್ಷೆಯ ಪ್ರಕಾರ ನನಗೆ ರೋಗವಿಲ್ಲ. ನನ್ನ ಪಟ್ಟಿಯಲ್ಲಿ ಗೆರೆ ಇದೆ. ಆದ್ದರಿಂದ ಪಟ್ಟಿ ಸುಳ್ಳು. ಒಂದೇ ಒಂದು ಗೆರೆ ಬಾಯಾರ ಆಯುಷ್ಯದ ಕೆಲಸವನ್ನು ಮುಳುಗಿಸಲು ಕುಳಿತಿತ್ತು.

ಒಂದು ಮಧ್ಯಾಹ್ನ ಬಾಯಾರು ರೊಟ್ಟಿ ತಿನ್ನುತ್ತಿದ್ದಾಗ ನಾನು ಸ್ಟೂಲೆಳೆದುಕೊಂಡು ಕೂತು, ಬಹಳ ಜಾಣತನದಿಂದ ಸೂಚಿಸಿದೆ. "ಬಾಯಾರ, ನನ್ನ ರಕ್ತ ಬಿಟ್ಟಬಿಡೂಣ್ರಿ. ಕಾಕಾರದ್ದ ಇಡೂಣು. ಅವರದು ಪ್ರತಿ ಸಲ ಖಾಲಿ ಬರತೈತಿ. ಯಾರ ಕೇಳ್ತಾರ್ರೀ?"

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಗೆರಿ ಸುಳ್ಳಿದ್ರ ಅದು ಆ ಮುದುಕಿಗೂ ಸುಳ್ಳ ಹೇಳತೈತಿ. ಖರೇ ಇದ್ರ ನೀ ಜಡ್ಡಿನ ಮನಶಾ. ಎರಡರಾಗ ಯಾವುದನ್ನ ಮುಚ್ಚಿಡು ಅಂತಿ?"

"ನನಗೇನೂ ಆಗಿಲ್ರಿ. ಗಟ್ಟಿ ಅದೀನಿ."

"ಹಂಗಾರ ಎದ್ದ ನಿಂದ್ರು."

ನಾನು ಎದ್ದೆ. ಎದ್ದದ್ದು ಮೇಜಿಗೆ ಎರಡೂ ಕೈ ಊರಿ, ಮೊದಲು ಒಂದು ಕಡೆ ವಾಲಿ, ಆಮೇಲೆ ನಿಧಾನಕ್ಕೆ. ಎಷ್ಟೋ ದಿನಗಳಿಂದ ಹಾಗೇ ಏಳುತ್ತಿದ್ದೆ ಎಂಬುದು ನನಗೇ ತಿಳಿದಿರಲಿಲ್ಲ. ಬಾಯಾರು ಡಬ್ಬಿ ಮುಚ್ಚಿದರು. ಅವರ ಮುಖದಲ್ಲಿ ನಾನು ಅಂಜಿಕೆ ಕಂಡದ್ದು ಅದೇ ಮೊದಲು.

"ನಾಳೆ ಬೆಳಗಾವಿಗೆ ಹೋಗು, ತಮ್ಮಾ. ರಕ್ತದಾಗಿನ ರೋಗಾಣು ಬೆಳಸಿ ನೋಡ್ತಾರಲ್ಲ, ಆ ಪರೀಕ್ಷೆ ಮಾಡಸು. ನಾಡಿದ್ದಲ್ಲ, ನಾಳೇನ."

ತಮ್ಮಾ ಅಂದರಲ್ಲ, ಹೋದೆ. ರಕ್ತ ಕೊಟ್ಟು ಬಂದೆ. ರೋಗಾಣು ಬೆಳೆಯಲು ವಾರಗಟ್ಟಲೆ ಬೇಕಾಗುತ್ತದೆ, ಕಾಯಬೇಕು ಅಂದರು. ಸಮಿತಿ ಕಾಯುವಂತಿರಲಿಲ್ಲ.

ಸಮಿತಿಯ ಮುಂದೆ ಬಾಯಾರು ಎಲ್ಲ ಪಟ್ಟಿಗಳನ್ನೂ ಸಾಲಾಗಿ ಇಟ್ಟರು, ನನ್ನದನ್ನು ನಡುವೆ. "ಈತಗ ರೋಗ ಐತಿ ಅಂತ ನನ್ನ ಪಟ್ಟಿ ಹೇಳತೈತ್ರಿ. ಹಳೇ ಪರೀಕ್ಷಾಕ್ಕ ಕಂಡಿಲ್ಲ. ರಕ್ತ ಬೆಳಸಾಕ ಹಾಕೇವಿ, ಇನ್ನೂ ಬಂದಿಲ್ಲ" ಅಂದರು. ಅಷ್ಟೇ. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಸಮಿತಿಯ ಹಿರಿಯರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವರು ನೋಡೋಕೆ ಒಳ್ಳೆ ಗಟ್ಟಿಮುಟ್ಟಾಗೇ ಇದ್ದಾರಲ್ಲ, ಮೇಡಂ?"

ನನ್ನ ಹಣೆಬರಹ ನೋಡಿ, ಆ ಮಾತು ಕಿವಿಗೆ ಬಿದ್ದ ಕೂಡಲೇ ಹಳೆಯ ಚಾಳಿಯಿಂದ ನನ್ನ ಎದೆ ತಾನಾಗಿ ಮುಂದೆ ಬಂತು. ಸೊಂಟದಲ್ಲಿ ಕುಟುಕಿದ ನೋವಿಗೂ ಮುಖದಲ್ಲಿ ನಗು ತಂದುಕೊಂಡೆ. ಬಾಯಾರ ಯೋಜನೆಗೆ ಕೊನೆಯ ಮೊಳೆ ಹೊಡೆದದ್ದು ಆ ಎದೆ. ಆರೋಗ್ಯವಂತರನ್ನೂ ರೋಗಿಗಳೆಂದು ತೋರಿಸುವ ಸಾಧನಕ್ಕೆ ಮುಂದುವರಿಕೆ ಬೇಡ ಎಂದು ಬರೆದು ಅವರು ಹೋದರು.

ಬೆಳಗಾವಿಯ ಉತ್ತರ ಬಂದದ್ದು ಆ ಮೇಲೆ. ಅದೇ ರೋಗಾಣು, ಸೊಂಪಾಗಿ ಬೆಳೆದಿತ್ತು. ಬೆನ್ನಿನ ಚಿತ್ರ ತೆಗೆದು ನೋಡಿದ ಡಾಕ್ಟರು ಕೆಳಗಿನ ಎಲುಬೊಂದನ್ನು ಬೆರಳಿಂದ ತೋರಿಸಿ, ಇಲ್ಲಿಗೆ ಆಗಲೇ ಬಾಯಿ ಹಾಕಿದೆ, ಇನ್ನಷ್ಟು ತಡ ಮಾಡಿದ್ದರೆ ನೆಟ್ಟಗೆ ನಿಲ್ಲುವುದು ಕಷ್ಟವಿತ್ತು ಅಂದರು. ವಾರಗಟ್ಟಲೆ ಗುಳಿಗೆ, ಸೂಜಿ. ಎಲುಬಿನ ಚಿತ್ರ ಕಂಡ ದಿನ ನನ್ನ ಹೆಂಡತಿ ಅತ್ತಳು. ನಾನು ಗರಡಿಯ ಮಾತು ಎತ್ತಲಿಲ್ಲ.

ಆ ಕಾಗದ ಹಿಡಿದುಕೊಂಡು ಕಾಲೇಜಿಗೆ ಹೋದಾಗ ಬಾಯಾರು ಪ್ರಯೋಗಶಾಲೆ ಖಾಲಿ ಮಾಡಿ, ಗಾಜಿನ ಸಾಮಾನುಗಳನ್ನು ಹಳೆ ಪತ್ರಿಕೆಯಲ್ಲಿ ಸುತ್ತುತ್ತಿದ್ದರು. ಓದಿ, ಗೋಡೆ ನಡುಗುವಂತೆ ನಕ್ಕರು. "ನೋಡಲೇ, ನನ್ನ ಪಟ್ಟಿ ಪಾಸಾತು, ನೀ ನಾಪಾಸಾದಿ!" ಸಿಪಾಯಿಯನ್ನು, ಕಾಕಾರನ್ನು ಕರೆದು ತೋರಿಸಿದರು. ಅವರೆಲ್ಲ ಹೋದ ಮೇಲೆ ಸ್ಟೂಲಿನ ಮೇಲೆ ಕುಳಿತರು.

"ಬ್ಯಾಸರ ಆಗೇತಿ, ತಮ್ಮಾ" ಅಂದರು. "ಆಗಿಲ್ಲ ಅಂದ್ರ ಸುಳ್ಳಾಕ್ಕೈತಿ. ಇನ್ನೆರಡು ವರ್ಷ ಸಿಕ್ಕಿದ್ರ ಆ ಮುದುಕಿ ಹಿಂಡ ಪೂರಾ ನೋಡಬಹುದಾಗಿತ್ತು." ಆಮೇಲೆ ನನ್ನ ಮುಖ ನೋಡಿ, "ಆದರ ನಿನ್ನ ರಕ್ತ ತೆಗೆದು ಕಾಕಾಂದ ಇಟ್ಟಿದ್ರ ನಾ ಎರಡ ವರ್ಷ ಏನ ಅಂತ ಕೂಡತಿದ್ದೆ ಇಲ್ಲಿ? ನೀ ಕುಂಟಕೋಂತ ಬಂದು ನನ್ನ ಮುಂದ ಪಟ್ಟಿ ಅದ್ದತಿದ್ದಿ" ಅಂದರು.

ಸಮಿತಿಗೆ ತಿಳಿಸಿದೆವು. ಅವಧಿ ಮುಗಿದಿದೆ ಎಂಬ ಉತ್ತರದ ಜೊತೆಗೆ ನನ್ನ ಆರೋಗ್ಯಕ್ಕೆ ಶುಭ ಹಾರೈಸಿದ್ದರು.

ಬಾಯಾರು ನಿವೃತ್ತರಾಗಿ ಮುಧೋಳಕ್ಕೆ ಹೋದ ಮೇಲೆ ದಿನಾ ಫೋನು. ಕುಶಲ ಕೇಳುವ ಪದ್ಧತಿಯೇ ಇಲ್ಲ. "ಗುಳಿಗಿ ನುಂಗಿದೇನು?" ನುಂಗಿದೆ ಅಂದರೆ ಫೋನು ಕಟ್. ಔಷಧಿ ಮುಗಿದ ಮೇಲೂ ಅಭ್ಯಾಸ ಬಿಡಲಿಲ್ಲ. ಪಟ್ಟಿ ಇಲ್ಲದಿದ್ದರೂ ಹಿಂಡುಗಳಿಗೆ ಹೋಗುವುದು ಬಿಡಲಿಲ್ಲ. ಮುದುಕಿಯ ಒಲೆಯ ಮುಂದೆ ಕುಳಿತು, ಹಾಲು ಉಕ್ಕುವ ತನಕ ಏಳದೆ, ಹಾದು ಹೋಗುವ ಕುರಿಗಾರರನ್ನೆಲ್ಲ ಕರೆದು ನನ್ನ ಕಥೆ ಹೇಳುತ್ತಿದ್ದರಂತೆ. "ಅವ ದೊಡ್ಡ ಡಾಕ್ಟರ್, ಪೈಲವಾನ. ಹಸಿ ಹಾಲು ಕುಡದು ಬದನಿಕಾಯಿ ಆದ." ಅನಗವಾಡಿಯ ಸುತ್ತ ಈಗ ಹಾಲು ಕುದಿಸಿ ಕುಡಿಯುವವರು ಹೆಚ್ಚಾಗಿದ್ದಾರೆ ಎಂದು ಕೇಳುತ್ತೇನೆ. ನನ್ನ ಹೆಸರು ಇಷ್ಟು ಒಳ್ಳೆಯ ಕೆಲಸಕ್ಕೆ ಬಂದದ್ದು ಬೇರೆಲ್ಲೂ ಇಲ್ಲ.

ಹೋದ ಚಳಿಗಾಲ ಅವರು ತೀರಿಕೊಂಡರು. ಎದೆನೋವು ಅಂದರಂತೆ, ಅಣ್ಣನ ಮಗ ನೀರು ತರುವುದರೊಳಗೆ ಹೋಗಿಬಿಟ್ಟರಂತೆ. ನಾನು ಮುಧೋಳ ಮುಟ್ಟಿದಾಗ ಶವಯಾತ್ರೆಗೆ ಬಿದಿರಿನ ವಿಮಾನ ಕಟ್ಟಿ, ವಿಭೂತಿ ಹಚ್ಚಿ, ಹೂವಿನ ನಡುವೆ ಅವರನ್ನು ಕೂಡಿಸಿದ್ದರು. ಭಜನೆಯವರು ಎದ್ದು ನಿಂತರು. ಗಟ್ಟಿ ಇರುವವರು ಮುಂದೆ ಬನ್ನಿ ಎಂದು ಅಣ್ಣನ ಮಗ ಕೂಗಿದ. ನಾನು ಹೋಗಿ ಮುಂದಿನ ಗಳುವಿಗೆ ಹೆಗಲು ಕೊಟ್ಟೆ.

ಹಾದಿ ದೂರ, ಏರು ಬೇರೆ. ಅರ್ಧಕ್ಕೆ ಬಂದಾಗ ಪಕ್ಕದಲ್ಲಿ ನಡೆಯುತ್ತಿದ್ದ ನಮ್ಮ ಕಾಲೇಜಿನ ಸಿಪಾಯಿ ನನ್ನ ತೋಳು ಮುಟ್ಟಿ, "ಸರ್, ಬಿಡ್ರಿ, ನಾ ಹಿಡೀತೀನಿ. ನಿಮಗ ಬೆನ್ನಬ್ಯಾನಿ ಇತ್ತಲ್ರೀ" ಅಂದ.

ಬೇಡ ಅಂದೆ. ಭಾರವೆಲ್ಲ ಹೆಗಲಿಂದ ಬೆನ್ನಿಗೆ ಇಳಿದಿತ್ತು, ಬೆನ್ನು ನೆಟ್ಟಗೆ ಹೊತ್ತಿತ್ತು. ಎಲ್ಲಾದರೂ ನೋಯುತ್ತದೆಯೋ ಎಂದು ಹೆಜ್ಜೆಹೆಜ್ಜೆಗೂ ನೋಡಿಕೊಂಡೆ. ಎಲ್ಲೂ ನೋಯಲಿಲ್ಲ. ಅದಕ್ಕೇ ಅಳು ಬಂತು. ಅಳುತ್ತಲೇ ಅವರನ್ನು ಕುಣಿಯವರೆಗೆ ಹೊತ್ತೆ.